ಬೆಲೆ ಕೇಳಿದ ಕೂಡಲೇ ಪ್ರೋಗ್ರಾಂ ನಿಲ್ಲುತ್ತದೆ: ಟರ್ಬೊ ಸಿ++ನ ಹಳೆಯ ಫ್ಲೋಟ್ ತಕರಾರು

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಬಿಸಿಎ ಓದುತ್ತಿದ್ದೇನೆ. ನಮ್ಮ ಲ್ಯಾಬ್‌ನಲ್ಲಿ ಇನ್ನೂ ಟರ್ಬೊ ಸಿ++ 3.0 ಇದೆ, ಹಳೆಯ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಬಾಕ್ಸ್ ಒಳಗೆ ಓಡಿಸುತ್ತೇವೆ. ಐದು ಪುಸ್ತಕಗಳ ಹೆಸರು, ಪುಟ, ಬೆಲೆ ತೆಗೆದುಕೊಂಡು ಪಟ್ಟಿ ತೋರಿಸುವ ಪ್ರೋಗ್ರಾಂ ಬರೆದೆ. ಸ್ಟ್ರಕ್ಚರ್‌ಗಳ ಅರೇ ಬಳಸಿದ್ದೇನೆ, ಅಂದರೆ ಹೆಸರು, ಪುಟ, ಬೆಲೆ ಸೇರಿದ ಒಂದೊಂದು ರೆಕಾರ್ಡ್‌ನ ಸಾಲು. ಕಂಪೈಲ್ ಮಾಡಿದರೆ ಒಂದು ಎರರ್ ಕೂಡ ಇಲ್ಲ. ರನ್ ಮಾಡಿದರೆ ಹೆಸರು ತಗೊಳ್ಳುತ್ತೆ, ಪುಟ ತಗೊಳ್ಳುತ್ತೆ. ಬೆಲೆ ಟೈಪ್ ಮಾಡಿ ಎಂಟರ್ ಒತ್ತಿದ ಕೂಡಲೇ ‘ಸ್ಕ್ಯಾನ್‌ಎಫ್: ಫ್ಲೋಟಿಂಗ್ ಪಾಯಿಂಟ್ ಫಾರ್ಮ್ಯಾಟ್ಸ್ ನಾಟ್ ಲಿಂಕ್ಡ್’ ಅಂತ ಬರುತ್ತದೆ. ಅದರ ಕೆಳಗೆ ‘ಅಬ್‌ನಾರ್ಮಲ್ ಪ್ರೋಗ್ರಾಂ ಟರ್ಮಿನೇಶನ್’. ಪಕ್ಕದ ಸಿಸ್ಟಂನಲ್ಲಿ ಕೂರುವ ಗೆಳತಿಯ ಪ್ರೋಗ್ರಾಂ ಹೆಚ್ಚುಕಡಿಮೆ ನನ್ನದೇ. ಅವಳದ್ದು ಸಲೀಸಾಗಿ ಓಡುತ್ತದೆ. ಅವಳು ಕೊನೆಯಲ್ಲಿ ಡಿಸ್ಕೌಂಟ್ ಎಷ್ಟು ಅಂತ ಕೇಳಿ ಓದಿಕೊಂಡಿದ್ದಾಳೆ, ಅಷ್ಟೇ ವ್ಯತ್ಯಾಸ. ತಪ್ಪು ನನ್ನದಾ, ಡಾಸ್‌ಬಾಕ್ಸ್‌ದಾ? ಮುಂದಿನ ವಾರ ಪ್ರಾಕ್ಟಿಕಲ್ ಪರೀಕ್ಷೆ ಇದೆ.

ಉತ್ತರ: ತಪ್ಪು ನಿಮ್ಮದೂ ಅಲ್ಲ, ಡಾಸ್‌ಬಾಕ್ಸ್‌ದೂ ಅಲ್ಲ. ಅದು ಕಂಪೈಲರ್‌ನದೇ ತಪ್ಪು, ಅಂದರೆ ನೀವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಟರ್ಬೊ ಸಿ++ನದು. ಬೋರ್ಲ್ಯಾಂಡ್ ಕಂಪನಿಯ ಡಾಸ್ ಕಾಲದ ಸಿ ಕಂಪೈಲರ್‌ಗಳಲ್ಲೆಲ್ಲ ಈ ತಕರಾರು ಇತ್ತು. ಟರ್ಬೊ ಸಿ 1987ರಲ್ಲಿ ಬಂತು. ನಿಮ್ಮ ಕೈಯಲ್ಲಿರುವ 3.0 ಬಂದದ್ದು 1991ರಲ್ಲಿ. ಅವತ್ತು ಇದ್ದ ಬಗ್ ನಿಮ್ಮ ಲ್ಯಾಬ್‌ನಲ್ಲಿ ಇವತ್ತೂ ಹಾಗೇ ಕೂತಿದೆ. ಅಸಲಿ 486 ಕಂಪ್ಯೂಟರ್ ತಂದಿಟ್ಟು ಓಡಿಸಿದರೂ ಇದೇ ಮೆಸೇಜ್ ಬರುತ್ತದೆ, ಹಾಗಾಗಿ ಡಾಸ್‌ಬಾಕ್ಸ್‌ನ್ನು ಬೈಯಬೇಡಿ. ಪಾಪ, 64 ಬಿಟ್ ವಿಂಡೋಸ್ 16 ಬಿಟ್‌ನ ಪ್ರೋಗ್ರಾಂಗಳನ್ನು ಮುಟ್ಟುವುದೇ ಇಲ್ಲ. ಡಾಸ್‌ಬಾಕ್ಸ್ ಇರುವುದರಿಂದಲೇ ನಿಮ್ಮ ನೀಲಿ ಸ್ಕ್ರೀನ್ ತೆರೆದುಕೊಳ್ಳುತ್ತಿದೆ.

ಪರೀಕ್ಷೆ ಹತ್ತಿರ ಇದೆ ಅಂದಿದ್ದೀರಿ. ಹಾಗಾಗಿ ಮೊದಲು ಪರಿಹಾರ, ಕಾರಣ ಆಮೇಲೆ. ದಾರಿ ಎರಡಿವೆ.

ಒಂದನೇ ದಾರಿ ತುಂಬಾ ಸರಳ. ಬೆಲೆಯನ್ನು ನೇರವಾಗಿ ಸ್ಟ್ರಕ್ಚರ್ ಒಳಗೆ ಓದಿಕೊಳ್ಳಬೇಡಿ. ಮೇನ್ ಒಳಗೆ ಪಿ ಅನ್ನುವ ಒಂದು ಫ್ಲೋಟ್ ವೇರಿಯಬಲ್, ಅಂದರೆ ದಶಮಾಂಶ ಸಂಖ್ಯೆ ಹಿಡಿಸುವ ವೇರಿಯಬಲ್, ಇಟ್ಟುಕೊಳ್ಳಿ. ಕೀಬೋರ್ಡ್‌ನಿಂದ ಓದಿಕೊಳ್ಳುವ ಸ್ಕ್ಯಾನ್‌ಎಫ್‌ನಲ್ಲಿ ಫ್ಲೋಟ್‌ನ ಗುರುತಾದ ಪರ್ಸೆಂಟ್ ಎಫ್ ಹಾಕಿ, ಆಂಪರ್ಸೆಂಡ್ ಪಿ ಕೊಡಿ. ಬೆಲೆ ಮೊದಲು ಪಿಗೆ ಬರುತ್ತದೆ. ಮುಂದಿನ ಸಾಲಿನಲ್ಲಿ ಆ ಪುಸ್ತಕದ ಬೆಲೆಗೆ ಪಿಯನ್ನು ಅಸೈನ್ ಮಾಡಿ. ಮುಗಿಯಿತು. ನಿಮ್ಮ ಪ್ರೋಗ್ರಾಂಗೆ ಒಂದು ಡಿಕ್ಲರೇಷನ್, ಒಂದು ಅಸೈನ್‌ಮೆಂಟ್ ಸೇರಿತು, ಅಷ್ಟೆ.

ಎರಡನೇ ದಾರಿ ಯಾರೂ ಕರೆಯದ ಒಂದು ಫಂಕ್ಷನ್ ಬರೆಯುವುದು. ಬಾಯಲ್ಲಿ ಹೇಳುತ್ತೇನೆ, ನೀವು ಟೈಪ್ ಮಾಡಿಕೊಳ್ಳಿ. ಮೇನ್‌ನ ಹೊರಗೆ, ಫೈಲಿನ ಕೊನೆಯಲ್ಲಿ, ಲಿಂಕ್‌ಫ್ಲೋಟ್ ಅಂತ ಒಂದು ವಾಯ್ಡ್ ಫಂಕ್ಷನ್. ಬ್ರಾಕೆಟ್ ಒಳಗೆ ಏನೂ ಬೇಡ. ಒಳಗೆ ಮೂರು ಸಾಲು. ಮೊದಲ ಸಾಲು ಡಿಕ್ಲರೇಷನ್: ಎ ಅನ್ನುವ ಫ್ಲೋಟ್, ಅದಕ್ಕೆ ಸೊನ್ನೆ, ಜೊತೆಗೆ ಬಿ ಅನ್ನುವ ಫ್ಲೋಟ್ ಪಾಯಿಂಟರ್. ಎರಡನೇ ಸಾಲು: ಬಿ ಈಕ್ವಲ್ ಟು ಆಂಪರ್ಸೆಂಡ್ ಎ. ಮೂರನೇ ಸಾಲು: ಎ ಈಕ್ವಲ್ ಟು ಸ್ಟಾರ್ ಬಿ. ಬ್ರೇಸ್ ಮುಚ್ಚಿ. ಮೇನ್‌ನಿಂದ ಇದನ್ನು ಕರೆಯಬೇಕಾಗಿಲ್ಲ. ಇದು ಓಡುವುದೂ ಇಲ್ಲ. ಫೈಲಿನಲ್ಲಿ ಇದ್ದರೆ ಸಾಕು. ಕಂಪೈಲ್ ಮಾಡಿದಾಗ ‘ಎಗೆ ಕೊಟ್ಟ ಬೆಲೆಯನ್ನು ಎಲ್ಲೂ ಬಳಸಿಲ್ಲ’ ಅನ್ನುವ ಅರ್ಥದ ವಾರ್ನಿಂಗ್ ಬಂದರೂ ಬರಬಹುದು. ಅದು ಹೇಳುವುದು ನಿಜವೇ. ಬಿಟ್ಟುಬಿಡಿ.

ಯಾವುದು ಒಳ್ಳೆಯದು? ಪರೀಕ್ಷೆಗಾದರೆ ನಾನು ಒಂದನೇ ದಾರಿಯನ್ನೇ ಹೇಳುತ್ತೇನೆ. ಓದುವವರಿಗೆ ಅದು ವಿಚಿತ್ರ ಅನ್ನಿಸುವುದಿಲ್ಲ, ಯಾರೂ ಪ್ರಶ್ನೆ ಕೇಳುವುದಿಲ್ಲ. ಹಳೆಯ ದೊಡ್ಡ ಪ್ರೋಗ್ರಾಂ ಒಂದು ಕೈಗೆ ಬಂದಿದೆ, ಅದರಲ್ಲಿ ಹತ್ತಾರು ಕಡೆ ಸ್ಕ್ಯಾನ್‌ಎಫ್ ಇದೆ ಅಂದರೆ ಆಗ ಎರಡನೇ ದಾರಿ. ಒಂದೇ ಫಂಕ್ಷನ್ ಸೇರಿಸಿದರೆ ಎಲ್ಲ ಕಡೆ ಸರಿಹೋಗುತ್ತದೆ. ಪ್ರಾಜೆಕ್ಟ್‌ನಲ್ಲಿ ನಾಲ್ಕಾರು ಫೈಲ್ ಇದ್ದರೂ ಯಾವುದಾದರೂ ಒಂದರಲ್ಲಿ ಇದ್ದರೆ ಆಯಿತು, ಆ ಫೈಲ್ ಲಿಂಕ್‌ನಲ್ಲಿ ಸೇರಿರಬೇಕು ಅಷ್ಟೆ.

ಈಗ ಕಾರಣಕ್ಕೆ ಬರೋಣ. ಗೆಳತಿಯ ಪ್ರೋಗ್ರಾಂ ಯಾಕೆ ಓಡಿತು ಅನ್ನುವುದರಲ್ಲೇ ಎಲ್ಲ ಉತ್ತರ ಇದೆ.

ಸ್ಕ್ಯಾನ್‌ಎಫ್ ಅನ್ನುವುದು ನೋಡಲು ಒಂದೇ ಫಂಕ್ಷನ್. ಒಳಗೆ ಅದು ಹಲವು ಕೆಲಸ ಮಾಡುತ್ತದೆ. ನೀವು 249.50 ಅಂತ ಟೈಪ್ ಮಾಡಿದಾಗ ಬಂದದ್ದು ಆರು ಅಕ್ಷರ. ಅದನ್ನು ನಾಲ್ಕು ಬೈಟ್‌ನ ಫ್ಲೋಟ್ ಆಗಿ ಮಾಡಬೇಕು. ಅದಕ್ಕೆ ಬೇರೆಯೇ ಕೋಡ್ ಬೇಕು, ಆ ಕೋಡ್ ಸಾಕಷ್ಟು ದಪ್ಪ. ಪೂರ್ಣಾಂಕ ಓದುವುದಕ್ಕೆ ಅದು ಬೇಡವೇ ಬೇಡ. ಹಾಗಾಗಿ ಬೋರ್ಲ್ಯಾಂಡ್‌ನವರು ಒಂದು ಉಳಿತಾಯ ಮಾಡಿದರು. ಪ್ರೋಗ್ರಾಂನಲ್ಲಿ ಫ್ಲೋಟ್ ಬಳಕೆ ಕಂಡರೆ ಮಾತ್ರ ಆ ಕೋಡನ್ನು ನಿಮ್ಮ ಇಎಕ್ಸ್‌ಇ ಫೈಲಿಗೆ ಸೇರಿಸುವುದು. ಕಾಣದಿದ್ದರೆ ಆ ಜಾಗದಲ್ಲಿ ಒಂದು ಚಿಕ್ಕ ನಕಲಿ ತುಂಡು ಕೂರಿಸುವುದು. ಆ ನಕಲಿ ತುಂಡಿಗೆ ಗೊತ್ತಿರುವುದು ಎರಡೇ ಕೆಲಸ: ‘ಫಾರ್ಮ್ಯಾಟ್ಸ್ ನಾಟ್ ಲಿಂಕ್ಡ್’ ಅಂತ ಹೇಳುವುದು, ಪ್ರೋಗ್ರಾಂ ನಿಲ್ಲಿಸುವುದು. ನೀವು ನೋಡಿದ್ದು ಅದನ್ನೇ. ಹೆಸರು, ಪುಟ ಎರಡನ್ನೂ ತೆಗೆದುಕೊಂಡು ಬೆಲೆಗೆ ಬಂದಾಗ ನಿಂತದ್ದು ಇದಕ್ಕೇ.

ಮೊದಲು ಈ ಉಳಿತಾಯ ಯಾಕೆ ಬೇಕಿತ್ತು ಅಂತ ಹೇಳುತ್ತೇನೆ. ಇಲ್ಲದಿದ್ದರೆ ಬೋರ್ಲ್ಯಾಂಡ್‌ನವರು ಸುಮ್ನೆ ಜಿಪುಣರಾಗಿ ಕಾಣುತ್ತಾರೆ. ಡಾಸ್‌ನಲ್ಲಿ ಸಾಮಾನ್ಯ ಪ್ರೋಗ್ರಾಂಗೆ ಸಿಗುತ್ತಿದ್ದದ್ದು 640 ಕೆಬಿ ಮೆಮೊರಿ, ಅದರಲ್ಲೂ ಡಾಸ್‌ನ ಪಾಲು ಕಳೆಯಬೇಕು. ನೀವು ಬಳಸುವ ಸ್ಮಾಲ್ ಮಾಡೆಲ್ ಅನ್ನುವ ಮೆಮೊರಿ ಸೆಟ್ಟಿಂಗ್‌ನಲ್ಲಿ ಇಡೀ ಕೋಡ್ 64 ಕೆಬಿ ಒಳಗೆ ಮುಗಿಯಬೇಕು. ಪ್ರೋಗ್ರಾಂಗಳನ್ನು 360 ಕೆಬಿ ಫ್ಲಾಪಿಯಲ್ಲಿ ಹೊತ್ತುಕೊಂಡು ಓಡಾಡುತ್ತಿದ್ದ ಕಾಲ. ಇನ್ನೊಂದು ದೊಡ್ಡ ವಿಷಯ: ಪ್ರೊಸೆಸರ್‌ಗೆ ದಶಮಾಂಶದ ಲೆಕ್ಕವೇ ಬರುತ್ತಿರಲಿಲ್ಲ. 1978ರ 8086 ಚಿಪ್‌ಗೆ ಗೊತ್ತಿದ್ದದ್ದು ಪೂರ್ಣಾಂಕ ಮಾತ್ರ. ದಶಮಾಂಶಕ್ಕೆ ಅಂತ ಇಂಟೆಲ್ 1980ರಲ್ಲಿ 8087 ಅನ್ನುವ ಬೇರೆ ಚಿಪ್ ತಂದಿತು. ಅದನ್ನು ಪ್ರತ್ಯೇಕ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಪ್ರೊಸೆಸರ್ ಒಳಗೇ ಅದು ಸೇರಿದ್ದು 1989ರ 486ನಲ್ಲಿ. ಹೆಚ್ಚಿನವರ ಬಳಿ 8087 ಇರುತ್ತಿರಲಿಲ್ಲ. ಅವರಿಗಾಗಿ ಟರ್ಬೊ ಸಿ ಒಂದು ಎಮ್ಯುಲೇಟರ್ ಲೈಬ್ರರಿ ಕೊಡುತ್ತಿತ್ತು. ಚಿಪ್ ಮಾಡುವ ಲೆಕ್ಕವನ್ನೆಲ್ಲ ಅದು ಸಾಫ್ಟ್‌ವೇರ್‌ನಲ್ಲಿ ಮಾಡುತ್ತದೆ. ಚಿಪ್ ಇದ್ದರೆ ಅದನ್ನೇ ಬಳಸಿಕೊಳ್ಳುತ್ತದೆ. ಒಳ್ಳೆಯ ಕೆಲಸಗಾರಿಕೆ. ಆದರೆ ಅದೂ ಜಾಗ ತಿನ್ನುತ್ತದೆ. ಬರೀ ಪುಟ ಎಣಿಸುವ ಪ್ರೋಗ್ರಾಂಗೆ ಇದನ್ನೆಲ್ಲ ತುಂಬಿಸುವುದು ಯಾವ ನ್ಯಾಯ, ಅಲ್ವಾ? ಉಳಿತಾಯ ಸರಿಯಾದದ್ದೇ. ಬೇಕೋ ಬೇಡವೋ ಅಂತ ತೀರ್ಮಾನಿಸುವ ರೀತಿಯಲ್ಲಿ ಎಡವಟ್ಟಾಯಿತು.

ಮದುವೆ ಅಡುಗೆಗೆ ಹೊರಡುವ ಭಟ್ಟರನ್ನು ನೆನೆಸಿಕೊಳ್ಳಿ. ಪಟ್ಟಿ ನೋಡಿ ಪಾತ್ರೆ ತುಂಬಿಸುತ್ತಾರೆ. ಪಟ್ಟಿಯಲ್ಲಿ ಹೋಳಿಗೆ ಕಂಡರೆ ಹೋಳಿಗೆ ಕಾವಲಿ ಗಾಡಿಗೆ ಏರುತ್ತದೆ. ಹೋಳಿಗೆ ಅಂತ ಬರೆದ ಚೀಟಿ ಬೇರೊಂದು ಲಕೋಟೆಯ ಒಳಗಿದ್ದರೆ? ಭಟ್ಟರು ಲಕೋಟೆ ಒಡೆಯುವುದಿಲ್ಲ. ಊಟದ ಹೊತ್ತಿಗೆ ಕಾವಲಿ ಇಲ್ಲ.

ಇಲ್ಲಿ ಲಕೋಟೆ ಅಂದರೆ ನಿಮ್ಮ ಫಾರ್ಮ್ಯಾಟ್ ಸ್ಟ್ರಿಂಗ್. ಪರ್ಸೆಂಟ್ ಎಫ್ ಅಂತ ನೀವು ಡಬಲ್ ಕೋಟ್ಸ್ ಒಳಗೆ ಬರೆದದ್ದು ಕಂಪೈಲರ್ ಕಣ್ಣಿಗೆ ಎರಡು ಅಕ್ಷರ, ಬೇರೇನಿಲ್ಲ. ‘ಹಲೋ’ ಅಂತ ಬರೆದರೂ ಒಂದೇ, ಪರ್ಸೆಂಟ್ ಎಫ್ ಅಂದರೂ ಒಂದೇ. ಅದನ್ನು ಬಿಡಿಸಿ ನೋಡುವುದು ಸ್ಕ್ಯಾನ್‌ಎಫ್, ಅದೂ ಪ್ರೋಗ್ರಾಂ ಓಡುವಾಗ. ಹಾಗಾಗಿ ಕಂಪೈಲರ್ ಬೇರೆ ಸುಳಿವು ಹುಡುಕುತ್ತದೆ. ಅದು ನೋಡುವ ಮುಖ್ಯ ಸುಳಿವು: ಯಾವುದಾದರೂ ಫ್ಲೋಟ್ ವೇರಿಯಬಲ್‌ನ ಅಡ್ರೆಸ್, ಅಂದರೆ ಮೆಮೊರಿಯಲ್ಲಿ ಅದು ಇರುವ ಜಾಗ, ಆಂಪರ್ಸೆಂಡ್ ಹಾಕಿ ತೆಗೆದುಕೊಂಡಿದ್ದಾರಾ? ಆಂಪರ್ಸೆಂಡ್ ಡಿಸ್ಕೌಂಟ್ ಅಂತ ಬರೆದರೆ ಡಿಸ್ಕೌಂಟ್ ಒಂದು ಸಾದಾ ಫ್ಲೋಟ್, ಅದರ ಅಡ್ರೆಸ್ ಕೇಳಿದ್ದಾರೆ. ಕಂಪೈಲರ್ ಗುರುತು ಹಾಕಿಕೊಳ್ಳುತ್ತದೆ. ತುಂಡುಗಳನ್ನೆಲ್ಲ ಜೋಡಿಸಿ ಇಎಕ್ಸ್‌ಇ ಮಾಡುವ ಲಿಂಕರ್ ಅಸಲಿ ಕೋಡನ್ನು ಸೇರಿಸುತ್ತದೆ. ಒಮ್ಮೆ ಸೇರಿದ ಮೇಲೆ ಅದು ಇಡೀ ಪ್ರೋಗ್ರಾಂಗೆ ಲಭ್ಯ. ನಿಮ್ಮ ಗೆಳತಿ ಡಿಸ್ಕೌಂಟ್ ಕೇಳಿದ್ದು ಕೊನೆಯಲ್ಲಿ. ಆದರೂ ಮೊದಲ ಪುಸ್ತಕದ ಬೆಲೆ ಓದುವಾಗಲೇ ಅವಳಿಗೆ ಅದರ ಪ್ರಯೋಜನ ಸಿಕ್ಕಿತು. ಯಾಕೆಂದರೆ ಇದೆಲ್ಲ ತೀರ್ಮಾನವಾಗುವುದು ಲಿಂಕ್ ಮಾಡುವಾಗ. ಸಾಲು ಮೊದಲಿದೆಯೋ ಕೊನೆಗಿದೆಯೋ, ಓಡುತ್ತದೋ ಇಲ್ಲವೋ, ಲೆಕ್ಕಕ್ಕಿಲ್ಲ. ಲಿಂಕ್‌ಫ್ಲೋಟ್ ಫಂಕ್ಷನ್‌ನ್ನು ಕರೆಯದೆಯೇ ಅದು ಕೆಲಸ ಮಾಡುವ ಗುಟ್ಟೂ ಇದೇ.

ನಿಮ್ಮ ಪ್ರೋಗ್ರಾಂನಲ್ಲಿ ಏನಾಯಿತು? ಲೆಕ್ಕ ಹಾಕಿ ನೋಡೋಣ. ಹೆಸರಿಗೆ 20 ಅಕ್ಷರ ಇಟ್ಟಿದ್ದೀರಿ ಅಂದುಕೊಳ್ಳೋಣ, ಅಂದರೆ 20 ಬೈಟ್. ಪುಟ ಇಂಟ್, ಟರ್ಬೊ ಸಿಯಲ್ಲಿ 2 ಬೈಟ್. ಬೆಲೆ ಫ್ಲೋಟ್, 4 ಬೈಟ್. ಒಂದು ಪುಸ್ತಕಕ್ಕೆ 26 ಬೈಟ್. ಬೆಲೆ ಶುರುವಾಗುವುದು 22ನೇ ಬೈಟ್‌ನಿಂದ. ಈಗ ಅರೇಯಲ್ಲಿ ಇಂಡೆಕ್ಸ್ 3 ಇರುವ ಪುಸ್ತಕದ ಬೆಲೆಯ ಅಡ್ರೆಸ್ ಬೇಕು. ಅರೇ ಶುರುವಾಗುವ ಜಾಗಕ್ಕೆ 3 ಗುಣಿಸು 26, ಅಂದರೆ 78 ಕೂಡಿ. ಅದಕ್ಕೆ 22 ಕೂಡಿ. ಒಟ್ಟು 100 ಬೈಟ್ ಆಚೆ. ಈ ಲೆಕ್ಕದಲ್ಲಿ ಎಲ್ಲಾದರೂ ದಶಮಾಂಶ ಇದೆಯಾ? ಇಲ್ಲ. ಗುಣಾಕಾರ, ಸಂಕಲನ, ಎಲ್ಲ ಪೂರ್ಣಾಂಕ. ಕೊನೆಗೆ ಸಿಕ್ಕ ಅಡ್ರೆಸ್‌ನ ಜಾಗದಲ್ಲಿ ಇರುವುದು ಫ್ಲೋಟ್ ಅನ್ನುವುದು ಈ ಲೆಕ್ಕದ ನಡುವೆ ಮರೆಯಾಗುತ್ತದೆ. ಕಂಪೈಲರ್ ಗುರುತು ಹಾಕಲು ಮರೆಯಿತು. ಲಿಂಕರ್ ನಕಲಿ ತುಂಡನ್ನೇ ಕೂರಿಸಿತು. ಹಾಗಾಗಿ ಈ ಎರರ್ ಹೆಚ್ಚಾಗಿ ಸಿಗುವುದು ಸ್ಟ್ರಕ್ಚರ್‌ಗಳ ಅರೇ ಬರೆಯುವಾಗ. ಎಂಪ್ಲಾಯಿ ಸಂಬಳ, ಸ್ಟೂಡೆಂಟ್ ಸರಾಸರಿ, ಪುಸ್ತಕದ ಬೆಲೆ. ಲ್ಯಾಬ್ ಪ್ರೋಗ್ರಾಂಗಳ ಪಟ್ಟಿ ತೆಗೆದರೆ ಸರಿಯಾಗಿ ಇವೇ ಇರುತ್ತವೆ! ನಮ್ಮ ಕಡೆ ಈ ಬಗ್ ಇಷ್ಟು ಹೆಸರು ಮಾಡಿದ್ದು ಸುಮ್ನೆ ಅಲ್ಲ.

ಇದಕ್ಕೆ ಇನ್ನೂ ಕೆಲವು ಔಷಧಿ ಹೇಳುವವರಿದ್ದಾರೆ. ಮ್ಯಾತ್ ಹೆಡರ್ ಫೈಲ್ ಇನ್‌ಕ್ಲೂಡ್ ಮಾಡಿದರೆ ಸಾಕು ಅನ್ನುವುದು ಒಂದು. ಸಾಲದು. ಹೆಡರ್‌ನಲ್ಲಿ ಇರುವುದು ಫಂಕ್ಷನ್‌ಗಳ ಹೆಸರು ಮತ್ತು ರೂಪ, ಕೋಡ್ ಅಲ್ಲ. ಇನ್‌ಕ್ಲೂಡ್ ಮಾಡಿ, ಸ್ಕ್ವೇರ್ ರೂಟ್‌ನಂಥ ಒಂದು ಫಂಕ್ಷನ್‌ನ್ನು ನಿಜವಾಗಿ ಕರೆದರೆ ಆಗ ಸರಿಹೋಗುತ್ತದೆ. ಅಷ್ಟಕ್ಕಾಗಿ ಬೇಡದ ವರ್ಗಮೂಲ ಯಾಕೆ ತೆಗೆಯಬೇಕು? ಇನ್ನು ಕೆಲವರು ಟರ್ಬೊ ಸಿ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ ಅನ್ನುತ್ತಾರೆ. ಎಷ್ಟು ಸಲ ಹಾಕಿದರೂ ಅದೇ ಬಗ್ ಬರುತ್ತದೆ. ಬೋರ್ಲ್ಯಾಂಡ್‌ನವರೇ ಬೋರ್ಲ್ಯಾಂಡ್ ಸಿ++ 3.0 ಜೊತೆಗಿನ ರೀಡ್‌ಮಿ ಫೈಲಿನಲ್ಲಿ ಒಂದು ಪ್ರಾಗ್ಮಾ, ಅಂದರೆ ಕಂಪೈಲರ್‌ಗೆ ನೇರ ಸೂಚನೆ ಕೊಡುವ ಸಾಲು, ಹೇಳಿಕೊಟ್ಟಿದ್ದರು. ಫ್ಲೋಟ್ ಪರಿವರ್ತನೆಯ ಕೋಡನ್ನು ಹೆಸರು ಹಿಡಿದು ಎಳೆದು ತರುವ ಸಾಲು ಅದು. ಅಂದರೆ ಅವರಿಗೂ ವಿಷಯ ಗೊತ್ತಿತ್ತು. ನಿಮಗೆ ಅದು ಬೇಕಾಗಿಲ್ಲ, ಮೇಲಿನ ಎರಡು ದಾರಿ ಸಾಕು.

ಸೆಟ್ಟಿಂಗ್ ಒಂದನ್ನು ಮಾತ್ರ ನೋಡಿಬಿಡಿ. ಆಪ್ಷನ್ಸ್ ಮೆನು, ಕಂಪೈಲರ್, ಅಡ್ವಾನ್ಸ್ಡ್ ಕೋಡ್ ಜನರೇಷನ್. ಅಲ್ಲಿ ಫ್ಲೋಟಿಂಗ್ ಪಾಯಿಂಟ್ ಅಂತ ಇರುತ್ತದೆ. ಎಮ್ಯುಲೇಷನ್ ಆಯ್ಕೆ ಆಗಿರಬೇಕು. ಯಾರೋ ಆಟವಾಡಿ ಅದನ್ನು ‘ನನ್’ (ಯಾವುದೂ ಬೇಡ) ಅಂತ ಮಾಡಿಟ್ಟಿದ್ದರೆ ಬೇರೆಯೇ ರಗಳೆ ಶುರುವಾಗುತ್ತದೆ, ಲಿಂಕರ್‌ನಲ್ಲೇ ಅರ್ಥವಾಗದ ಹೆಸರಿನ ಎರರ್‌ಗಳು ಬರುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಕೊಡಲೇಬೇಕು. ಇದೇ ಮೆಸೇಜ್ ಸ್ಕ್ರೀನ್ ಮೇಲೆ ತೋರಿಸುವ ಪ್ರಿಂಟ್‌ಎಫ್ ಹೆಸರಿನಲ್ಲೂ ಬರುತ್ತದೆ. ಆಗ ತಪ್ಪು ಹೆಚ್ಚಾಗಿ ಬರೆದವರದೇ. ಉದಾಹರಣೆಗೆ, 5 ಭಾಗಿಸು 2 ಎಷ್ಟು ಅಂತ ತೋರಿಸಲು ಯಾರೋ ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಎಫ್ ಹಾಕಿ, ಮುಂದೆ 5 ಸ್ಲ್ಯಾಶ್ 2 ಬರೆದರು. ಉತ್ತರ 2.5 ಬರಲಿ ಅಂತ ಆಸೆ. ಆದರೆ ಸಿ ಭಾಷೆಯಲ್ಲಿ ಎರಡೂ ಪೂರ್ಣಾಂಕವಾದರೆ ಉತ್ತರವೂ ಪೂರ್ಣಾಂಕ, ಅಂದರೆ 2. ಇಡೀ ಪ್ರೋಗ್ರಾಂನಲ್ಲಿ ಒಂದು ಫ್ಲೋಟ್ ಕೂಡ ಇಲ್ಲ. ಕಂಪೈಲರ್ ‘ಇಲ್ಲಿ ಫ್ಲೋಟ್ ಇಲ್ಲ’ ಅಂದದ್ದು ನೂರಕ್ಕೆ ನೂರು ಸರಿ. ಇಂಥ ಕಡೆ ಲಿಂಕ್‌ಫ್ಲೋಟ್ ಸೇರಿಸಿದರೆ ಮೆಸೇಜ್ ಹೋಗುತ್ತದೆ, ಉತ್ತರದ ಜಾಗದಲ್ಲಿ ಕಸ ಬರುತ್ತದೆ. ಅದು ಇನ್ನೂ ಕೆಟ್ಟದ್ದು. 5ರ ಬದಲು 5.0 ಅಂತ ಬರೆಯುವುದೇ ಅಲ್ಲಿ ಸರಿಯಾದ ರಿಪೇರಿ. ಮೆಸೇಜ್ ಒಂದೇ ಇದ್ದರೂ ಕಳ್ಳ ಬೇರೆ. ಮದ್ದು ಹಾಕುವ ಮುಂಚೆ ಯಾವ ಕಳ್ಳ ಅಂತ ನೋಡಿಕೊಳ್ಳಿ.

ಈ ಬಗ್ ಬಗ್ಗೆ ತಿಳಿದ ಮೇಲೆ ಕೆಲವರಿಗೆ ಒಂದು ಚಟ ಹತ್ತುತ್ತದೆ. ಏನೇ ಆದರೂ ‘ಟರ್ಬೊ ಸಿ ಬಗ್’ ಅನ್ನುವುದು. ನಿಮ್ಮ ಎಂಪ್ಲಾಯಿ ಪ್ರೋಗ್ರಾಂನಲ್ಲಿ ಸಂಬಳ 40,000 ಕೊಟ್ಟರೆ ಸ್ಕ್ರೀನ್ ಮೇಲೆ ಮೈನಸ್ 25,536 ಬರುತ್ತದೆ. ಅದು ಬಗ್ ಅಲ್ಲ. ಇಲ್ಲಿ ಇಂಟ್ ಅಂದರೆ 16 ಬಿಟ್, 32,767ರ ತನಕ ಮಾತ್ರ ಹಿಡಿಸುತ್ತದೆ. 40,000ದಲ್ಲಿ 65,536 ಕಳೆಯಿರಿ, ಸರಿಯಾಗಿ ಅದೇ ಅಂಕಿ ಸಿಗುತ್ತದೆ. ಲಾಂಗ್ ಬಳಸಿ, ಪರ್ಸೆಂಟ್ ಎಲ್‌ಡಿ ಹಾಕಿ. ಪ್ರೋಗ್ರಾಂ ಮುಗಿದ ಮೇಲೆ ‘ನಲ್ ಪಾಯಿಂಟರ್ ಅಸೈನ್‌ಮೆಂಟ್’ ಅಂತ ಬಂದರೆ ಅದೂ ಬಗ್ ಅಲ್ಲ, ಟರ್ಬೊ ಸಿ ಮಾಡುವ ಉಪಕಾರ. ಡೇಟಾ ಸೆಗ್‌ಮೆಂಟಿನ ಶುರುವಿನಲ್ಲಿ ಬೋರ್ಲ್ಯಾಂಡ್‌ನ ಕಾಪಿರೈಟ್ ಸಾಲು ಇರುತ್ತದೆ. ಪ್ರೋಗ್ರಾಂ ಮುಗಿಯುವಾಗ ಅದು ಹಾಗೇ ಇದೆಯಾ ಅಂತ ನೋಡುತ್ತದೆ. ಕೆಟ್ಟಿದ್ದರೆ ನೀವು ಎಲ್ಲೋ ಜಾಗ ತೋರಿಸದ ಪಾಯಿಂಟರ್ ಮೂಲಕ ಬರೆದಿದ್ದೀರಿ ಅಂತ ಅರ್ಥ. ಡಬಲ್ ವೇರಿಯಬಲ್‌ಗೆ ಪರ್ಸೆಂಟ್ ಎಫ್ ಕೊಟ್ಟು ಓದಿದರೂ ಕಸ ಬರುತ್ತದೆ. ಅಲ್ಲಿ ಪರ್ಸೆಂಟ್ ಎಲ್‌ಎಫ್ ಬೇಕು. ಟರ್ಬೊ ಸಿ ಇದನ್ನೆಲ್ಲ ಕೇಳುವುದೇ ಇಲ್ಲ, ಸುಮ್ಮನೆ ಕಂಪೈಲ್ ಮಾಡಿಕೊಡುತ್ತದೆ.

ಹಾಗಾದರೆ ಕಂಪೈಲರ್ ತಪ್ಪೋ ನನ್ನ ತಪ್ಪೋ ಅಂತ ಕಂಡುಹಿಡಿಯುವುದು ಹೇಗೆ? ನಾನು ಮಾಡುವುದು ಹೀಗೆ. ಪ್ರೋಗ್ರಾಂನ ಒಂದು ಕಾಪಿ ಮಾಡಿ. ಅದರಲ್ಲಿ ಒಂದೊಂದೇ ಸಾಲು ತೆಗೆಯುತ್ತಾ ಹೋಗಿ, ಪ್ರತಿ ಸಲ ಓಡಿಸಿ. ಎರರ್ ಉಳಿಯಬೇಕು, ಪ್ರೋಗ್ರಾಂ ಕರಗಬೇಕು. ನಿಮ್ಮ ವಿಷಯದಲ್ಲಿ ಹೆಸರು ತೆಗೆದರೂ ಎರರ್ ಇರುತ್ತದೆ, ಪುಟ ತೆಗೆದರೂ ಇರುತ್ತದೆ, ಪಟ್ಟಿ ತೋರಿಸುವ ಲೂಪ್ ತೆಗೆದರೂ ಇರುತ್ತದೆ. ಕೊನೆಗೆ ಉಳಿಯುವುದು ಒಂದು ಸ್ಟ್ರಕ್ಚರ್, ಒಂದು ಅರೇ, ಒಂದು ಸ್ಕ್ಯಾನ್‌ಎಫ್. ಅಷ್ಟು ಚಿಕ್ಕದಾದ ಮೇಲೆ ತಪ್ಪು ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ. ಪ್ರತಿ ಸಾಲನ್ನೂ ಕಣ್ಣಿಟ್ಟು ನೋಡಬಹುದು. ಆಮೇಲೆ ಅದೇ ತುಣುಕನ್ನು ಜಿಸಿಸಿ ಅನ್ನುವ ಇಂದಿನ ಕಂಪೈಲರ್‌ನಲ್ಲಿ, ಎಲ್ಲ ವಾರ್ನಿಂಗ್ ತೋರಿಸುವ ವಾಲ್ ಆಪ್ಷನ್ ಹಾಕಿ ಕಂಪೈಲ್ ಮಾಡಿ. ಜಿಸಿಸಿ ಲಕೋಟೆ ಒಡೆಯುತ್ತದೆ. ಫಾರ್ಮ್ಯಾಟ್ ಸ್ಟ್ರಿಂಗ್ ಒಳಗಿನ ಪರ್ಸೆಂಟ್ ಎಫ್ ಓದಿ, ನೀವು ಕೊಟ್ಟದ್ದಕ್ಕೂ ಅದಕ್ಕೂ ಹೊಂದುತ್ತದಾ ಅಂತ ನೋಡಿ ಹೇಳುತ್ತದೆ. 5 ಸ್ಲ್ಯಾಶ್ 2 ಥರದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಜಿಸಿಸಿ ತೆಪ್ಪಗಿದ್ದು, ಪ್ರೋಗ್ರಾಂ ಅಲ್ಲಿ ಸರಿಯಾಗಿ ಓಡಿ, ಟರ್ಬೊದಲ್ಲಿ ಮಾತ್ರ ನಿಂತರೆ ಆಗ ಕಂಪೈಲರ್ ಕಡೆ ಬೆರಳು ತೋರಿಸಬಹುದು. ಕಾನಿಯೋ ಹೆಡರ್, ಕ್ಲಿಯರ್‌ಸ್ಕ್ರೀನ್, ಗೆಟ್‌ಸಿಎಚ್ ಇವನ್ನು ತೆಗೆದು ಕಂಪೈಲ್ ಮಾಡಿ. ಜಿಸಿಸಿಯಲ್ಲಿ ಅವು ಇದ್ದ ಹಾಗೇ ನಡೆಯುವುದಿಲ್ಲ.

ಮನೆಯ ಲ್ಯಾಪ್‌ಟಾಪ್‌ನಲ್ಲಿ ಕಲಿಯುವಾಗ ಜಿಸಿಸಿಯನ್ನೇ ಬಳಸಿ ಅಂತ ನನ್ನ ಸಲಹೆ. ಟರ್ಬೊ ಸಿ++ 3.0 ಬಂದಾಗ ಸಿ++ಗೆ ಐಎಸ್‌ಒ ಸ್ಟ್ಯಾಂಡರ್ಡ್ ಕೂಡ ಇರಲಿಲ್ಲ, ಅದು ಬಂದದ್ದು 1998ರಲ್ಲಿ. ಲ್ಯಾಬ್‌ನಲ್ಲಿ ಇದೇ ಇದ್ದರೆ ಪರೀಕ್ಷೆಗೆ ಇದನ್ನೂ ತಿಳಿದುಕೊಳ್ಳಿ, ಬೇರೆ ದಾರಿ ಇಲ್ಲ. ಎರಡೂ ಕಡೆ ಓಡಾಡುವಾಗ ಒಂದು ಹಳ್ಳ ಇದೆ, ಅದನ್ನು ನೋಡಿಕೊಂಡು ನಡೆಯಿರಿ. ಟರ್ಬೊ ಸಿಯಲ್ಲಿ ನಿಮ್ಮ ಪುಸ್ತಕದ ರೆಕಾರ್ಡ್ 26 ಬೈಟ್ ಅಂದೆನಲ್ಲ. ಜಿಸಿಸಿಯಲ್ಲಿ ಇಂಟ್ 4 ಬೈಟ್, ಹಾಗಾಗಿ ಅದೇ ಸ್ಟ್ರಕ್ಚರ್ 28 ಬೈಟ್ ಆಗುತ್ತದೆ. ಲ್ಯಾಬ್‌ನಲ್ಲಿ ಬೈನರಿ ಫೈಲಿಗೆ ಎಫ್‌ರೈಟ್ ಮಾಡಿ, ಮನೆಯಲ್ಲಿ ಜಿಸಿಸಿ ಪ್ರೋಗ್ರಾಂನಿಂದ ಓದಿದರೆ ಮೊದಲ ಪುಸ್ತಕದ ಹೆಸರು ಸರಿ ಬರುತ್ತದೆ. ಪುಟ, ಬೆಲೆ ಅಲ್ಲಿಂದಲೇ ಕೆಡುತ್ತವೆ. ಎರಡನೇ ಪುಸ್ತಕದ ಹೆಸರಿನ ಮೊದಲ ಎರಡಕ್ಷರ ಮಾಯ. ಜಿಸಿಸಿ ಕಡೆ ಪುಟವನ್ನು ಶಾರ್ಟ್ ಮಾಡಿಕೊಂಡರೂ ಸಾಲದೇ ಹೋಗಬಹುದು. ಫ್ಲೋಟ್‌ನ್ನು 4ರಿಂದ ಭಾಗವಾಗುವ ಜಾಗದಲ್ಲಿ ಇಡಲು ಅದು ನಡುವೆ ಎರಡು ಬೈಟ್ ಖಾಲಿ ಬಿಡುತ್ತದೆ. ಟೆಕ್ಸ್ಟ್ ಫೈಲಿಗೆ ಬರೆದು ಓದಿಕೊಳ್ಳಿ, ತಲೆನೋವು ಇಲ್ಲ.

ಲಿಂಕ್‌ಫ್ಲೋಟ್ ದಾರಿ ಹಿಡಿದರೆ ಅದರ ಮೇಲೆ ಒಂದು ಕಾಮೆಂಟ್ ಬರೆಯುವುದನ್ನು ಮರೆಯಬೇಡಿ. ಇದು ಉಪಚಾರದ ಮಾತಲ್ಲ. ಒಂದು ಅಂಗಡಿಯ ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ನನ್ನ ಬಳಿ ಬಂದಿತ್ತು. ವರ್ಷಗಟ್ಟಲೆ ಓಡುತ್ತಿದ್ದದ್ದು ದರ ಕೇಳುವಾಗ ಇದ್ದಕ್ಕಿದ್ದಂತೆ ನಿಲ್ಲುತ್ತಿದೆ ಅಂದರು. ಹೊಸದಾಗಿ ಬಂದ ಹುಡುಗ ಕೋಡ್ ಚೊಕ್ಕ ಮಾಡುತ್ತಾ, ಯಾರೂ ಕರೆಯದ ಫಂಕ್ಷನ್ ಅಂತ ಒಂದನ್ನು ಅಳಿಸಿದ್ದ. ಅವನನ್ನು ಬೈದು ಏನು ಪ್ರಯೋಜನ? ಅದರ ಮೇಲೆ ಒಂದು ಸಾಲು ಕೂಡ ಬರೆದಿರಲಿಲ್ಲ. ‘ಇದನ್ನು ಅಳಿಸಬೇಡಿ. ಟರ್ಬೊ ಸಿಯಲ್ಲಿ ಸ್ಟ್ರಕ್ಚರ್ ಅರೇಯ ಫ್ಲೋಟ್ ಓದಲು ಬೇಕು. ಬೇರೆ ಕಂಪೈಲರ್‌ಗೆ ಹೋದರೆ ತೆಗೆಯಬಹುದು.’ ಇಷ್ಟು ಬರೆದರೆ ಸಾಕು. ಆ ಕೊನೆಯ ವಾಕ್ಯವೂ ಇರಲಿ. ಯಾವಾಗ ತೆಗೆಯಬಹುದು ಅಂತ ಗೊತ್ತಿಲ್ಲದ ಜುಗಾಡ್ ಶಾಶ್ವತವಾಗಿ ಉಳಿದುಬಿಡುತ್ತದೆ.

ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದರೆ ಉದ್ದ ಕಥೆ ಬೇಡ. ಪರ್ಸೆಂಟ್ ಎಫ್ ಕಂಪೈಲರ್‌ಗೆ ಬರೀ ಸ್ಟ್ರಿಂಗ್, ಸ್ಟ್ರಕ್ಚರ್ ಅರೇಯ ಅಡ್ರೆಸ್ ಲೆಕ್ಕದಲ್ಲಿ ಫ್ಲೋಟ್ ಕಾಣುವುದಿಲ್ಲ, ಹಾಗಾಗಿ ಫ್ಲೋಟ್ ಕೋಡ್ ಲಿಂಕ್ ಆಗುವುದಿಲ್ಲ, ಅದನ್ನು ಲಿಂಕ್ ಮಾಡಿಸಲು ಹೀಗೆ ಬರೆದೆ ಅನ್ನಿ. ಇದು ರನ್ ಟೈಮ್‌ನಲ್ಲಿ ಕಾಣುವ ಎರರ್, ಆದರೆ ಹುಟ್ಟುವುದು ಲಿಂಕ್ ಮಾಡುವಾಗ ಅಂತ ಸೇರಿಸಿದರೆ ಮುಂದಿನ ಪ್ರಶ್ನೆ ಬರಲಿಕ್ಕಿಲ್ಲ.

ಬಗ್ ಸರಿಮಾಡಿದ ಮೇಲೂ ಅದೇ ಮೆಸೇಜ್ ಬರುತ್ತಿದ್ದರೆ ಒಂದು ವಿಷಯ ನೋಡಿ. ಪ್ರಾಜೆಕ್ಟ್ ಮೆನುವಿನಲ್ಲಿ ಹಿಂದಿನ ಬ್ಯಾಚ್‌ನವರು ತೆರೆದಿಟ್ಟ ಯಾವುದೋ ಪ್ರಾಜೆಕ್ಟ್ ಹಾಗೇ ಇರಬಹುದು. ಆಗ ನೀವು ತಿದ್ದುವುದು ಒಂದು ಫೈಲ್, ಓಡುವುದು ಇನ್ನೊಂದು. ಕ್ಲೋಸ್ ಪ್ರಾಜೆಕ್ಟ್ ಕೊಟ್ಟು ಮತ್ತೆ ಕಂಪೈಲ್ ಮಾಡಿ.

ಇಷ್ಟು ಹಳೆಯ ಕಥೆ ನನಗ್ಯಾಕೆ ಅಂತ ನಿಮಗೆ ಅನ್ನಿಸಬಹುದು. ಮುಂದೆ ಆರ್ಡುಯಿನೋ ಅನ್ನುವ ಚಿಕ್ಕ ಪ್ರೋಗ್ರಾಮಿಂಗ್ ಬೋರ್ಡ್ ಮುಟ್ಟಿದರೆ ಇದೇ ಮತ್ತೆ ಸಿಗುತ್ತದೆ. ಆರ್ಡುಯಿನೋ ಊನೋ ಬೋರ್ಡ್‌ನಲ್ಲಿ ಕೋಡ್‌ಗೆ ಇರುವ ಜಾಗ 32 ಕೆಬಿ, ರ‍್ಯಾಮ್ 2 ಕೆಬಿ. ಟರ್ಬೊ ಸಿ ಕಾಲಕ್ಕಿಂತಲೂ ಇಕ್ಕಟ್ಟು. ಅಲ್ಲೂ ಪ್ರಿಂಟ್‌ಎಫ್ ಕುಟುಂಬದ ಫಂಕ್ಷನ್‌ಗಳಲ್ಲಿ ಫ್ಲೋಟ್ ಕೋಡನ್ನು ಮೊದಲೇ ಬಿಟ್ಟಿರುತ್ತಾರೆ. ಎಸ್‌ಪ್ರಿಂಟ್‌ಎಫ್‌ನಲ್ಲಿ ಪರ್ಸೆಂಟ್ ಎಫ್ ಹಾಕಿ ಉಷ್ಣಾಂಶ ತೋರಿಸಲು ಹೋದರೆ ಅಂಕಿಯ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಟರ್ಬೊ ಸಿಯ ಹಾಗೆ ಕಾರಣ ಹೇಳಿ ನಿಲ್ಲುವುದೂ ಇಲ್ಲ. ಅದೇ ಥರದ ಎಸ್‌ಟಿಎಂ32 ಬೋರ್ಡ್‌ಗಳಲ್ಲಿ ಜಾಗ ಉಳಿಸುವ ನ್ಯಾನೋ ಲೈಬ್ರರಿ ಬಳಸಿದರೆ ಆ ಜಾಗ ಖಾಲಿಯೇ ಇರುತ್ತದೆ. ಈ ಎರಡು ಕಡೆ ಮಾತ್ರ ಅದನ್ನು ಬಗ್ ಅನ್ನುವ ಹಾಗಿಲ್ಲ. ಕಂಪೈಲರ್ ಊಹಿಸಲು ಹೋಗಿಲ್ಲ, ಬೇಕಿದ್ದರೆ ನೀವೇ ಕೇಳಿ ಅಂತ ಬಿಟ್ಟಿದೆ. ಅದು ಜಾಸ್ತಿ ಪ್ರಾಮಾಣಿಕ ಅಂತ ನನಗೆ ಅನ್ನಿಸುತ್ತದೆ. ಎಸ್‌ಟಿಎಂ32 ಕ್ಯೂಬ್ ಐಡಿಇಯ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಪ್ರಿಂಟ್‌ಎಫ್‌ಗೆ ಒಂದು, ಸ್ಕ್ಯಾನ್‌ಎಫ್‌ಗೆ ಒಂದು, ಹೀಗೆ ಫ್ಲೋಟ್‌ಗೆ ಬೇರೆ ಬೇರೆ ಟಿಕ್ ಬಾಕ್ಸ್ ಇವೆ. ಊನೋದಲ್ಲಾದರೆ ಡಿಟಿಒಎಸ್‌ಟಿಆರ್‌ಎಫ್ ಅನ್ನುವ ಫಂಕ್ಷನ್‌ನಿಂದ ಮೊದಲು ಫ್ಲೋಟ್‌ನ್ನು ಅಕ್ಷರಗಳಾಗಿ ಮಾಡಿಕೊಂಡು, ಆಮೇಲೆ ಪರ್ಸೆಂಟ್ ಎಸ್ ಹಾಕಿ ಸೇರಿಸಿಕೊಳ್ಳಿ.